ಮಲ್ಟಿಮೀಟರ್ (ವಾಹನಗಳ ವಿದ್ಯುತ್ ದುರಸ್ತಿ)

ಮಲ್ಟಿಮೀಟರ್ ಅಥವಾ ಬಹುಮಾಪಕವು ವಿಭವಾಂತರ, ವಿದ್ಯುತ್ ಪ್ರವಾಹ ಮತ್ತು ರೋಧ ಎಂಬ ಮೂರು ಪರಿಮಾಣಗಳನ್ನು ಒಂದೇ ಸಾಧನದಿಂದ ಅಳೆಯಲು ಬಳಸುವ ಉಪಕರಣವಾಗಿದೆ. ಕಾರು, ಟ್ರ್ಯಾಕ್ಟರ್, ಲಾರಿ ಮೊದಲಾದ ವಾಹನಗಳಲ್ಲಿ ಬ್ಯಾಟರಿ, ಡೈನಮೋ, ಸೆಲ್ಫ್ ಮೋಟಾರು, ಫ್ಯೂಸು ಮತ್ತು ವೈರಿಂಗಿನ ದೋಷಗಳನ್ನು ಪತ್ತೆ ಹಚ್ಚಲು ಇದನ್ನು ಬಳಸುತ್ತಾರೆ. ಭಾರತದ ಮಾರುಕಟ್ಟೆಯಲ್ಲಿ ಇದರ ಬೆಲೆ ಇನ್ನೂರು ಮುನ್ನೂರು ರೂಪಾಯಿಗಳಿಂದ ಆರಂಭವಾಗಿ ಹತ್ತಾರು ಸಾವಿರ ರೂಪಾಯಿಗಳವರೆಗೆ ಇದೆ. 12 ವೋಲ್ಟಿನ ಕಾರಿನ ಸಾಮಾನ್ಯ ದುರಸ್ತಿಗೆ ದುಬಾರಿ ಮೀಟರಿನ ಅಗತ್ಯವಿಲ್ಲ. ಆದರೆ ಗ್ರಾಮೀಣ ಪ್ರದೇಶಗಳಲ್ಲಿ ಕಾರಿಗೆಂದು ಕೊಂಡ ಮೀಟರು ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆಗೂ ಬಳಕೆಯಾಗುವುದರಿಂದ, ಆಯ್ಕೆಯಲ್ಲಿ ಬೆಲೆಯೊಂದಿಗೆ ಸುರಕ್ಷತೆಯ ವರ್ಗವನ್ನೂ ನೋಡಬೇಕಾಗುತ್ತದೆ.

ಇತಿಹಾಸ

ವಿದ್ಯುತ್ ಪ್ರವಾಹವನ್ನು ಗುರುತಿಸುವ ಗ್ಯಾಲ್ವನೋಮೀಟರ್ 1820ರ ದಶಕದಿಂದಲೇ ಬಳಕೆಯಲ್ಲಿತ್ತು. ಆದರೆ ವೋಲ್ಟು, ಆಂಪಿಯರು, ಓಮುಗಳಿಗೆ ಬೇರೆ ಬೇರೆ ಉಪಕರಣಗಳನ್ನು ಹೊತ್ತು ತಿರುಗಬೇಕಾಗಿತ್ತು. ಈ ತೊಂದರೆಯಿಂದ ಬೇಸತ್ತ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಮೂರನ್ನೂ ಒಂದುಗೂಡಿಸಿದ ಉಪಕರಣವನ್ನು ರೂಪಿಸಿದನು. ಅದು 1923ರಲ್ಲಿ ಆವೋಮೀಟರ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ಆಂಪ್, ವೋಲ್ಟ್, ಓಮ್ ಎಂಬ ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಮುಳ್ಳಿನ ಮೀಟರುಗಳ ಸ್ಥಾನಕ್ಕೆ ಅಂಕೆಗಳನ್ನು ತೋರಿಸುವ ಡಿಜಿಟಲ್ ಮೀಟರುಗಳು 1950ರ ದಶಕದಲ್ಲಿ ಪ್ರಯೋಗಾಲಯಗಳಿಗೂ, 1970ರ ದಶಕದಲ್ಲಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ರೂಪದಲ್ಲಿ ಸಾಮಾನ್ಯ ಬಳಕೆಗೂ ಬಂದವು. ಇಂದು ಎಲ್ಲೆಡೆ ಕಾಣುವ ಅಗ್ಗದ ಹಳದಿ ಬಣ್ಣದ 830 ಮಾದರಿಯ ಮೀಟರು, ಆ ದಶಕದ ಒಂದೇ ಚಿಪ್ಪಿನ ವಿನ್ಯಾಸದ ಮುಂದುವರಿಕೆ.

ರಾಂಪುರದ ಹಿನ್ನೆಲೆ

ರಾಂಪುರವು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಬಳ್ಳಾರಿ ಮತ್ತು ಚಳ್ಳಕೆರೆಗಳ ನಡುವಿನ ರಾಷ್ಟ್ರೀಯ ಹೆದ್ದಾರಿ 150ಎ ಬದಿಯಲ್ಲಿ, ಆಂಧ್ರಪ್ರದೇಶದ ಗಡಿಗೆ ಸಮೀಪದಲ್ಲಿದೆ. ರಾಜ್ಯದ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದು ಒಂದು. ಶೇಂಗಾ ಇಲ್ಲಿನ ಮುಖ್ಯ ಬೆಳೆ. ನೀರಾವರಿಗೆ ಕೊಳವೆಬಾವಿಗಳೇ ಆಧಾರ. ಹೀಗಾಗಿ ಇಂತಹ ಊರಿನಲ್ಲಿ ಒಂದು ಮಲ್ಟಿಮೀಟರು ಕಾರಿಗಷ್ಟೇ ಮೀಸಲಾಗಿ ಉಳಿಯುವುದು ಅಪರೂಪ. 12 ವೋಲ್ಟಿನ ಕಾರು ಮತ್ತು ಟ್ರ್ಯಾಕ್ಟರ್, 24 ವೋಲ್ಟಿನ ಲಾರಿ, 230 ವೋಲ್ಟಿನ ಮನೆಯ ಸಂಪರ್ಕ, 415 ವೋಲ್ಟಿನ ಮೂರು ಫೇಸಿನ ಪಂಪ್‌ಸೆಟ್ ಎಲ್ಲಕ್ಕೂ ಅದೇ ಮೀಟರು ಹೋಗುತ್ತದೆ.

ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಸೀಸ-ಆಮ್ಲ ಬ್ಯಾಟರಿಗಳಿಗೆ ಶಾಖವೇ ದೊಡ್ಡ ಶತ್ರು. ಬ್ಯಾಟರಿಯ ಉಷ್ಣಾಂಶ ಸತತವಾಗಿ 10 ಡಿಗ್ರಿಯಷ್ಟು ಹೆಚ್ಚಾಗಿದ್ದರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕ. ಆದ್ದರಿಂದ ವಾಹನ ಸ್ಟಾರ್ಟ್ ಆಗದಿದ್ದಾಗ ಮೊದಲು ಬ್ಯಾಟರಿಯ ಮೇಲೆಯೇ ಅನುಮಾನ ಬರುವುದು ಸಹಜ. ಆದರೆ ಹಲವು ಸಂದರ್ಭಗಳಲ್ಲಿ ದೋಷವಿರುವುದು ಸಡಿಲವಾದ ಟರ್ಮಿನಲ್ಲಿನಲ್ಲಿ, ತುಕ್ಕು ಹಿಡಿದ ಅರ್ತಿಂಗ್ ತಂತಿಯಲ್ಲಿ ಅಥವಾ ಚಾರ್ಜ್ ಮಾಡದ ಡೈನಮೋದಲ್ಲಿ. ಅಳೆಯದೆ ಬ್ಯಾಟರಿ ಬದಲಿಸಿದರೆ ಹಲವು ಸಾವಿರ ರೂಪಾಯಿ ವ್ಯರ್ಥವಾಗುವುದಲ್ಲದೆ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಡೌನ್ ಆಗುತ್ತದೆ. (ಇಂದಿನ ವಾಹನಗಳಲ್ಲಿರುವುದು ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸಿ ಡಯೋಡುಗಳ ಮೂಲಕ ನೇರ ವಿದ್ಯುತ್ತಾಗಿಸುವ ಆಲ್ಟರ್ನೇಟರ್. ಹಳೆಯ ಸಾಧನ ಹೋಗಿ ದಶಕಗಳೇ ಆದರೂ ಗ್ಯಾರೇಜುಗಳಲ್ಲಿ ಡೈನಮೋ ಎಂಬ ಹೆಸರೇ ಉಳಿದಿದೆ. ಈ ಲೇಖನದಲ್ಲಿಯೂ ಅದನ್ನೇ ಬಳಸಲಾಗಿದೆ.)

ವಾಹನದಲ್ಲಿ ಅಳೆಯುವ ಪರಿಮಾಣಗಳು

ಯಾವ ಮೀಟರು ಬೇಕೆಂಬುದು ಏನನ್ನು ಅಳೆಯಬೇಕೆಂಬುದನ್ನು ಅವಲಂಬಿಸಿದೆ. ಆರು ಕೋಶಗಳ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯು ಪೂರ್ಣ ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ರಿಂದ 12.7 ವೋಲ್ಟ್ ತೋರಿಸುತ್ತದೆ. 12.4 ವೋಲ್ಟ್ ಇದ್ದರೆ ಮುಕ್ಕಾಲು ಭಾಗ, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ ಮಾತ್ರ ಚಾರ್ಜ್ ಉಳಿದಿದೆ ಎಂದು ಅಂದಾಜಿಸಬಹುದು. ಪೂರ್ಣ ಮತ್ತು ಅರ್ಧಗಳ ನಡುವಿನ ಅಂತರ ಅರ್ಧ ವೋಲ್ಟಿಗಿಂತಲೂ ಕಡಿಮೆ. ಮೀಟರು ದಶಮಾಂಶದ ನಂತರ ಎರಡು ಅಂಕೆಗಳನ್ನು ತೋರಿಸಬೇಕೆಂಬ ನಿಯಮ ಇದರಿಂದಲೇ ಹುಟ್ಟುತ್ತದೆ.

ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜು ಸುಮಾರು 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ದುರ್ಬಲವಾಗಿದೆ ಎಂದು ಅನುಮಾನಿಸಬೇಕು. ಎಂಜಿನ್ ಚಾಲನೆಯಲ್ಲಿದ್ದಾಗ ಸಾಮಾನ್ಯವಾಗಿ 13.8 ರಿಂದ 14.5 ವೋಲ್ಟ್ ಇರಬೇಕು. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಡೈನಮೋ, ಬೆಲ್ಟು ಅಥವಾ ತಂತಿಯ ದೋಷ. 15 ವೋಲ್ಟ್ ದಾಟಿದರೆ ರೆಗ್ಯುಲೇಟರಿನ ದೋಷ. ಹೊಸ ಮಾದರಿಯ ಕೆಲವು ಕಾರುಗಳಲ್ಲಿ ಡೈನಮೋವನ್ನು ಕಂಪ್ಯೂಟರೇ ನಿಯಂತ್ರಿಸುವುದರಿಂದ, ಇಂಧನ ಉಳಿಸಲು ಕೆಲಕಾಲ ಚಾರ್ಜಿಂಗ್ ಇಳಿಸುವುದು ದೋಷವಲ್ಲ.

ಅತ್ಯಂತ ಉಪಯುಕ್ತವಾದರೂ ಹೆಚ್ಚಿನವರು ಮಾಡದ ಪರೀಕ್ಷೆ ವೋಲ್ಟೇಜ್ ಕುಸಿತದ್ದು. ಸಣ್ಣ ಕಾರಿನ ಸೆಲ್ಫ್ ಮೋಟಾರು ಸುಮಾರು 100 ರಿಂದ 200 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ಅರ್ತಿಂಗ್ ತಂತಿಯ ಜೋಡಣೆಯಲ್ಲಿ ಕೇವಲ 0.01 ಓಮ್ ರೋಧವಿದ್ದರೂ, ಓಮ್‌ನ ನಿಯಮದಂತೆ, 150 ಆಂಪಿಯರ್ ಹರಿಯುವಾಗ ಅಲ್ಲಿ 1.5 ವೋಲ್ಟ್ ನಷ್ಟವಾಗುತ್ತದೆ. ಇಷ್ಟು ಸಣ್ಣ ರೋಧವನ್ನು ಮೀಟರಿನ ಓಮ್ ವ್ಯಾಪ್ತಿಯಲ್ಲಿ ಕಾಣಲು ಸಾಧ್ಯವಿಲ್ಲ. ಸಾಮಾನ್ಯ ಮೀಟರಿನ ಕನಿಷ್ಠ ಅಳತೆ 0.1 ಓಮ್, ಮೀಟರಿನ ಸ್ವಂತ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚು. ಆದರೆ ಒಂದು ಮೊನೆಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಲೋಹದ ಮೈಗೂ ಇಟ್ಟು, ನೇರ ವಿದ್ಯುತ್ತಿನ ವೋಲ್ಟ್ ವ್ಯಾಪ್ತಿಯಲ್ಲಿ ಸೆಲ್ಫ್ ಹೊಡೆದರೆ ಆ ನಷ್ಟ ನೇರವಾಗಿ ಕಾಣುತ್ತದೆ. ಸೆಲ್ಫ್ ಮಾರ್ಗದಲ್ಲಿ ಒಟ್ಟು ಅರ್ಧ ವೋಲ್ಟಿಗಿಂತ ಹೆಚ್ಚು, ಇತರ ಜೋಡಣೆಗಳಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕುಸಿತವಿದ್ದರೆ ಜೋಡಣೆಯನ್ನು ಬಿಚ್ಚಿ ಉಜ್ಜಿ ಬಿಗಿಗೊಳಿಸಬೇಕು. ಈ ಪರೀಕ್ಷೆಗೆ ಮುನ್ನೂರು ರೂಪಾಯಿಯ ಮೀಟರು ಧಾರಾಳವಾಗಿ ಸಾಕು.

ಇದಕ್ಕೆ ಸಂಬಂಧಿಸಿದ ಇನ್ನೊಂದು ಎಚ್ಚರಿಕೆಯಿದೆ. ಡಿಜಿಟಲ್ ಮೀಟರು ಅತ್ಯಲ್ಪ ಪ್ರವಾಹವನ್ನಷ್ಟೇ ಸೆಳೆಯುವುದರಿಂದ, ತಂತಿಯ ಎಲ್ಲ ಎಳೆಗಳೂ ಕಡಿದು ಒಂದೇ ಎಳೆ ಉಳಿದಿದ್ದರೂ 12.6 ವೋಲ್ಟನ್ನೇ ತೋರಿಸುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಆ ಎಳೆಯ ಕೊರತೆ ಬಯಲಾಗುತ್ತದೆ. ಆದುದರಿಂದ ವಾಹನದಲ್ಲಿ ವೋಲ್ಟನ್ನು ದೀಪ ಅಥವಾ ಮೋಟಾರು ಚಾಲನೆಯಲ್ಲಿರುವಾಗ ಅಳೆಯುವುದು ಸರಿಯಾದ ಕ್ರಮ. ಹಳೆಯ ಆಟೋ ಎಲೆಕ್ಟ್ರಿಷಿಯನ್ನರು ಬಲ್ಬಿನ ಟೆಸ್ಟ್ ಲ್ಯಾಂಪನ್ನು ಬಿಡದಿರುವುದಕ್ಕೆ ಇದೇ ಕಾರಣ. ಬಲ್ಬು ಪ್ರವಾಹವನ್ನು ಸೆಳೆದು ಪರೀಕ್ಷಿಸುತ್ತದೆ. ಆದರೆ ಕಂಪ್ಯೂಟರ್ ನಿಯಂತ್ರಣದ ತಂತಿಗಳಿಗೆ ಟೆಸ್ಟ್ ಲ್ಯಾಂಪ್ ಹಚ್ಚಿದರೆ ಆ ಘಟಕವೇ ಸುಟ್ಟುಹೋಗಬಹುದು.

ಅಂಕೆಗಳು ಮತ್ತು ನಿಖರತೆ

ಮೀಟರುಗಳ ಪೆಟ್ಟಿಗೆಯ ಮೇಲೆ 2000, 4000, 6000 ಕೌಂಟ್ ಎಂದು ಮುದ್ರಿಸಿರುತ್ತಾರೆ. ಪರದೆಯ ಮೇಲೆ ಮೂಡಬಲ್ಲ ಗರಿಷ್ಠ ಸಂಖ್ಯೆಯನ್ನು ಇದು ಸೂಚಿಸುತ್ತದೆ. 2000 ಕೌಂಟಿನ ಮೀಟರು 20 ವೋಲ್ಟ್ ವ್ಯಾಪ್ತಿಯಲ್ಲಿ 19.99ರವರೆಗೆ ತೋರಿಸುವುದರಿಂದ ಕಾರಿಗೆ ಸಾಕು. ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ 25 ವೋಲ್ಟಿಗೂ ಮೇಲೆ ಅಳೆಯಬೇಕಾಗುತ್ತದೆ. ಆಗ 200 ವೋಲ್ಟ್ ವ್ಯಾಪ್ತಿಗೆ ಹೋಗಬೇಕು. ಅಲ್ಲಿ ದಶಮಾಂಶದ ನಂತರ ಒಂದೇ ಅಂಕೆ ಉಳಿಯುತ್ತದೆ. 6000 ಕೌಂಟಿನ ಮೀಟರು 60 ವೋಲ್ಟ್ ವ್ಯಾಪ್ತಿಯಲ್ಲಿಯೂ ಎರಡು ಅಂಕೆಗಳನ್ನು ತೋರಿಸುವುದರಿಂದ ಹೆದ್ದಾರಿ ಬದಿಯ ಕೆಲಸಕ್ಕೆ ಹೆಚ್ಚು ಒಪ್ಪುತ್ತದೆ. ಅಗ್ಗದ ಮೀಟರೇ ಇದ್ದರೆ ಎರಡು ಬ್ಯಾಟರಿಗಳನ್ನು ಪ್ರತ್ಯೇಕವಾಗಿ ಅಳೆದರಾಯಿತು. ಒಂದು ಬ್ಯಾಟರಿ ಮಾತ್ರ ಕೆಟ್ಟಿರುವುದು ತಿಳಿಯುವುದೂ ಹೀಗೆ ಅಳೆದಾಗಲೇ.

ನಿಖರತೆಯನ್ನು ಶೇಕಡಾವಾರು ಮತ್ತು ಕೊನೆಯ ಅಂಕೆಗಳ ಮೊತ್ತವಾಗಿ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಉದಾಹರಣೆಗೆ ಶೇ. 0.5 ಮತ್ತು 2 ಅಂಕೆ ಎಂದಿದ್ದರೆ, 12.60 ವೋಲ್ಟ್ ತೋರಿಸುವಾಗ ದೋಷವು 0.063 ಮತ್ತು 0.02 ಸೇರಿ ಸುಮಾರು 0.08 ವೋಲ್ಟ್. ಬ್ಯಾಟರಿಯ ಸ್ಥಿತಿಯನ್ನು ತೀರ್ಮಾನಿಸಲು ಇದು ಅಡ್ಡಿಯಾಗದು. ಶೇ. 0.8 ಮತ್ತು 5 ಅಂಕೆ ಎಂದಿದ್ದರೆ ದೋಷ 0.15 ವೋಲ್ಟ್ ಆಗಿ, ಪೂರ್ಣ ಚಾರ್ಜಿಗೂ ಮುಕ್ಕಾಲು ಚಾರ್ಜಿಗೂ ವ್ಯತ್ಯಾಸ ಹೇಳುವುದು ಕಷ್ಟವಾಗುತ್ತದೆ. ವೋಲ್ಟೇಜ್ ಕುಸಿತದಂತಹ ಸಣ್ಣ ಮೌಲ್ಯಗಳಿಗೆ ಈ ದೋಷ ಅಷ್ಟಾಗಿ ತಟ್ಟುವುದಿಲ್ಲ.

ಮೀಟರಿನ ಒಳಗಿನ 9 ವೋಲ್ಟ್ ಬ್ಯಾಟರಿ ಕ್ಷೀಣಿಸಿದಾಗ ಅಗ್ಗದ ಮೀಟರುಗಳು ಸಾಮಾನ್ಯವಾಗಿ ವಾಸ್ತವಕ್ಕಿಂತ ಹೆಚ್ಚು ಅಳತೆಯನ್ನು ತೋರಿಸುತ್ತವೆ. ಪರದೆಯಲ್ಲಿ ಬ್ಯಾಟರಿಯ ಚಿಹ್ನೆ ಮೂಡಿದ ಮೇಲಿನ ಅಳತೆಯನ್ನು ನಂಬಬಾರದು.

ಮೀಟರಿನ ಆಂತರಿಕ ರೋಧವೂ ಗಣನೀಯ. ಉತ್ತಮ ಮೀಟರುಗಳಲ್ಲಿ ಅದು 10 ಮೆಗಾಓಮ್, 830 ಮಾದರಿಯಲ್ಲಿ 1 ಮೆಗಾಓಮ್. ಬ್ಯಾಟರಿ ಪರೀಕ್ಷೆಗೆ ಇದರಿಂದ ವ್ಯತ್ಯಾಸವಿಲ್ಲ. ಆದರೆ 0.1 ರಿಂದ 0.9 ವೋಲ್ಟಿನ ನಡುವೆ ಏರಿಳಿಯುವ ಆಕ್ಸಿಜನ್ ಸೆನ್ಸರಿನಂತಹ ಸೂಕ್ಷ್ಮ ಸಂಕೇತಗಳಿಗೆ 10 ಮೆಗಾಓಮ್ ಇರುವುದೇ ಲೇಸು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನಕ ಜಾರಿಗೆ ಬಂದ ಮೇಲೆ ವಾಹನಗಳಲ್ಲಿ ಸೆನ್ಸರುಗಳ ಸಂಖ್ಯೆ ಇನ್ನಷ್ಟು ಹೆಚ್ಚಿದೆ. ಸ್ಕ್ಯಾನರ್ ಉಪಕರಣವು ಯಾವ ಸೆನ್ಸರಿನ ಮಾರ್ಗದಲ್ಲಿ ದೋಷವಿದೆಯೆಂದು ತಿಳಿಸುತ್ತದೆ. ಕೆಟ್ಟಿರುವುದು ಸೆನ್ಸರೋ ಅದಕ್ಕೆ ಹೋಗುವ ತಂತಿಯೋ ಎಂಬುದನ್ನು ಮೀಟರೇ ಹೇಳಬೇಕು.

ಬಝರ್ ಮತ್ತು ಇತರ ಸೌಲಭ್ಯಗಳು

ತಂತಿ ತುಂಡಾಗಿದೆಯೇ, ಫ್ಯೂಸು ಹಾರಿದೆಯೇ ಎಂದು ನೋಡಲು ಶಬ್ದ ಮಾಡುವ ಬಝರ್ ಅಗತ್ಯ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಕೆಲಸ ಮಾಡುವವರು ಪರದೆಯನ್ನು ನೋಡುತ್ತಿರಲು ಸಾಧ್ಯವಿಲ್ಲ. 830 ಮಾದರಿಯ ಎಲ್ಲ ಮೀಟರುಗಳಲ್ಲಿ ಬಝರ್ ಇರುವುದಿಲ್ಲವಾದ್ದರಿಂದ ಕೊಳ್ಳುವಾಗ ಕೇಳಿ ನೋಡಬೇಕು. ಡೈನಮೋದ ಡಯೋಡುಗಳಿಗೆ ಡಯೋಡ್ ಪರೀಕ್ಷೆ ಬೇಕು. ಸರಿಯಿರುವ ಡಯೋಡು ಒಂದು ದಿಕ್ಕಿನಲ್ಲಿ ಸುಮಾರು 0.5 ರಿಂದ 0.7 ತೋರಿಸಿ ಇನ್ನೊಂದು ದಿಕ್ಕಿನಲ್ಲಿ ಏನನ್ನೂ ತೋರಿಸುವುದಿಲ್ಲ. ಅತಿ ಕಡಿಮೆ ಮತ್ತು ಅತಿ ಹೆಚ್ಚು ಮೌಲ್ಯಗಳನ್ನು ಹಿಡಿದಿಡುವ ಸೌಲಭ್ಯವಿದ್ದರೆ ಸೆಲ್ಫ್ ಹೊಡೆಯುವಾಗಿನ ಕನಿಷ್ಠ ವೋಲ್ಟನ್ನು ಒಬ್ಬರೇ ಅಳೆಯಬಹುದು. ಟ್ರಾನ್ಸಿಸ್ಟರ್ ಪರೀಕ್ಷೆಯ ರಂಧ್ರಗಳು ವಾಹನದ ಕೆಲಸಕ್ಕೆ ಪ್ರಯೋಜನವಿಲ್ಲ. ಟ್ರೂ ಆರ್‌ಎಂಎಸ್ ಎಂಬುದು ಪರ್ಯಾಯ ವಿದ್ಯುತ್ತಿಗೆ ಸಂಬಂಧಿಸಿದ್ದು. ನೇರ ವಿದ್ಯುತ್ತಿನ ಕಾರಿಗಾಗಿ ಅದಕ್ಕೆಂದೇ ಹೆಚ್ಚು ಹಣ ತೆರಬೇಕಿಲ್ಲ.

ಪ್ರವಾಹದ ಅಳತೆ

ನಿಲ್ಲಿಸಿದ ಕಾರಿನ ಬ್ಯಾಟರಿ ಒಂದೆರಡು ದಿನಗಳಲ್ಲಿಯೇ ಡೌನ್ ಆಗುತ್ತಿದ್ದರೆ ಸೋರಿಕೆ ಪ್ರವಾಹವನ್ನು ಅಳೆಯಬೇಕಾಗುತ್ತದೆ. ಬೀಗ ಹಾಕಿದ ಕಾರಿನಲ್ಲಿ ಗಡಿಯಾರ, ಅಲಾರಂ ಮುಂತಾದವು ಸೇರಿ ಸಾಮಾನ್ಯವಾಗಿ 50 ಮಿಲಿ ಆಂಪಿಯರಿಗಿಂತ ಕಡಿಮೆ ಸೆಳೆಯುತ್ತವೆ. 50 ಮಿಲಿ ಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಗಂಟೆ, ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಖಾಲಿಯಾಗಲು ಎರಡು ವಾರ ಬೇಕು. ಸೋರಿಕೆ 300 ಮಿಲಿ ಆಂಪಿಯರ್ ಇದ್ದರೆ ಎರಡೂವರೆ ದಿನ ಸಾಕು.

ಇದನ್ನು ಅಳೆಯಲು ಋಣ ಧ್ರುವದ ತಂತಿಯನ್ನು ಬಿಚ್ಚಿ ಮೀಟರನ್ನು ಸರಣಿಯಲ್ಲಿ, 10 ಆಂಪಿಯರ್ ರಂಧ್ರದ ಮೂಲಕ ಜೋಡಿಸುತ್ತಾರೆ. ಮೀಟರು ಹೀಗಿರುವಾಗ ಸೆಲ್ಫ್ ಹೊಡೆಯಬಾರದು, ಹೆಡ್‌ಲೈಟ್ ಹಾಕಬಾರದು. ಕಾರಿನ ಕಂಪ್ಯೂಟರುಗಳು ನಿದ್ರಾವಸ್ಥೆಗೆ ಹೋಗಲು ಅರ್ಧ ಗಂಟೆಯವರೆಗೂ ಬೇಕಾಗಬಹುದು. ಅದಕ್ಕೆ ಮೊದಲಿನ ಅಳತೆ ಲೆಕ್ಕಕ್ಕಿಲ್ಲ. ಬಳಿಕ ಫ್ಯೂಸುಗಳನ್ನು ಒಂದೊಂದಾಗಿ ತೆಗೆದಾಗ ಯಾವುದರಿಂದ ಪ್ರವಾಹ ಇಳಿಯುತ್ತದೆಯೋ ಆ ಮಾರ್ಗದಲ್ಲಿ ದೋಷವಿದೆ.

ಮೀಟರು ಸುಟ್ಟುಹೋಗುವ ಸಾಮಾನ್ಯ ಸಂದರ್ಭವೂ ಇದೇ. ಪ್ರವಾಹ ಅಳೆದ ಮೇಲೆ ಕೆಂಪು ತಂತಿಯನ್ನು 10 ಆಂಪಿಯರ್ ರಂಧ್ರದಲ್ಲಿಯೇ ಮರೆತು ಬ್ಯಾಟರಿಯ ಎರಡು ಧ್ರುವಗಳಿಗೆ ಹಚ್ಚಿದರೆ ನೇರ ಶಾರ್ಟ್ ಆಗುತ್ತದೆ. ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು. ತಂತಿ ಕರಗಿ ಕೈ ಸುಡುತ್ತದೆ. 830 ಮಾದರಿಯ ಮೀಟರುಗಳಲ್ಲಿ 10 ಆಂಪಿಯರ್ ಮಾರ್ಗಕ್ಕೆ ಫ್ಯೂಸೇ ಇರುವುದಿಲ್ಲ, ರಂಧ್ರದ ಪಕ್ಕದಲ್ಲಿ ಹಾಗೆಂದು ಮುದ್ರಿಸಿಯೂ ಇರುತ್ತಾರೆ. ಆ ಮಾರ್ಗಕ್ಕೂ ಫ್ಯೂಸ್ ಇರುವ ಮೀಟರಿಗೆ ಕೆಲವು ನೂರು ರೂಪಾಯಿ ಹೆಚ್ಚು ಕೊಡುವುದು ಸಾರ್ಥಕ.

ಟಾಂಗ್ ಟೆಸ್ಟರ್

ತಂತಿಯನ್ನು ಬಿಚ್ಚದೆ ಅದರ ಸುತ್ತ ದವಡೆಯನ್ನು ಹಾಕಿ ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರನ್ನು ಇಲ್ಲಿನ ಎಲೆಕ್ಟ್ರಿಷಿಯನ್ನರು ಟಾಂಗ್ ಟೆಸ್ಟರ್ ಎನ್ನುತ್ತಾರೆ. ಪಂಪ್‌ಸೆಟ್ ದುರಸ್ತಿ ಮಾಡುವವರಲ್ಲಿ ಇದು ಸಾಮಾನ್ಯ. ಇದನ್ನು ಕಾರಿಗೆಂದು ಕೊಳ್ಳುವವರು ಮೋಸಹೋಗುವುದುಂಟು. ಅಗ್ಗದ ಟಾಂಗ್ ಟೆಸ್ಟರುಗಳ ದವಡೆಯಲ್ಲಿರುವುದು ಟ್ರಾನ್ಸ್‌ಫಾರ್ಮರಿನ ತತ್ತ್ವ. ಅವು ಪರ್ಯಾಯ ವಿದ್ಯುತ್ತನ್ನು ಮಾತ್ರ ಅಳೆಯುತ್ತವೆ. ಕಾರಿನ ನೇರ ಪ್ರವಾಹಕ್ಕೆ ಹಾಕಿದರೆ ಸೊನ್ನೆ ತೋರಿಸುತ್ತವೆ. ನೇರ ಪ್ರವಾಹಕ್ಕೆ ದವಡೆಯಲ್ಲಿ ಹಾಲ್ ಸೆನ್ಸರ್ ಇರುವ ಮಾದರಿ ಬೇಕು. ಅದರ ಬೆಲೆ ಸಾಮಾನ್ಯವಾಗಿ ಎರಡು ಸಾವಿರ ರೂಪಾಯಿ ಮತ್ತು ಮೇಲ್ಪಟ್ಟು. ಗುರುತಿಸುವ ಬಗೆ ಸುಲಭ: ಆಂಪಿಯರ್ ವ್ಯಾಪ್ತಿಯ ಪಕ್ಕದಲ್ಲಿ ಅಲೆಯಾಕಾರದ ಗೆರೆಯಷ್ಟೇ ಇದ್ದರೆ ಅದು ಪರ್ಯಾಯ ವಿದ್ಯುತ್ತಿಗೆ, ನೇರ ಗೆರೆ ಮತ್ತು ಅದರ ಕೆಳಗೆ ತುಂಡು ಗೆರೆಗಳಿದ್ದರೆ ನೇರ ವಿದ್ಯುತ್ತಿಗೆ. ಅಂಗಡಿಯವರು "ಇದು ಡಿಸಿಯನ್ನೂ ಅಳೆಯುತ್ತದೆ" ಎಂದರೂ ಅದು ಡಿಸಿ ವೋಲ್ಟು ಮಾತ್ರವಾಗಿರಬಹುದು.

ಸುರಕ್ಷತೆಯ ವರ್ಗ

ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ 61010 ಮಾನಕವು ಅಳತೆಯ ಸ್ಥಳಗಳನ್ನು ಕ್ಯಾಟ್ ಎಂಬ ವರ್ಗಗಳಾಗಿ ವಿಂಗಡಿಸುತ್ತದೆ. ಗೋಡೆಯ ಪ್ಲಗ್ಗಿಗೆ ಜೋಡಿಸುವ ಉಪಕರಣಗಳು ಕ್ಯಾಟ್-2, ಕಟ್ಟಡದ ವಿತರಣಾ ಫಲಕ ಮತ್ತು ಮೂರು ಫೇಸಿನ ಮೋಟಾರುಗಳು ಕ್ಯಾಟ್-3, ಕಂಬದಿಂದ ಮೀಟರ್ ಬೋರ್ಡಿಗೆ ಬರುವ ಸಂಪರ್ಕ ಕ್ಯಾಟ್-4. ಸಂಖ್ಯೆ ಹೆಚ್ಚಿದಂತೆ ಆ ಸ್ಥಳದಲ್ಲಿ ಸಿಡಿಲು ಅಥವಾ ಸ್ವಿಚ್ಚಿನಿಂದ ಬರುವ ಕ್ಷಣಿಕ ಆಘಾತದ ಶಕ್ತಿಯೂ ಹೆಚ್ಚು.

12 ವೋಲ್ಟಿನ ಕಾರಿಗೆ ಈ ವರ್ಗಗಳು ಮುಖ್ಯವಲ್ಲ. 415 ವೋಲ್ಟಿನ ಪಂಪ್‌ಸೆಟ್ ಪೆಟ್ಟಿಗೆಗೆ ಅವು ಜೀವರಕ್ಷಕ. ಅಗ್ಗದ ಮೀಟರಿನ ಗುಂಡಿಯ ಸುತ್ತ 750 ವೋಲ್ಟ್ ಎಂದು ಮುದ್ರಿಸಿದ್ದರೂ, ಅದರ ತೆಳುವಾದ ತಂತಿ, ಒಳಗಿನ ಕಿರಿದಾದ ಅಂತರ ಹಾಗೂ ಫ್ಯೂಸಿಲ್ಲದ ಆಂಪಿಯರ್ ಮಾರ್ಗ ಮೂರು ಫೇಸಿಗೆ ತಕ್ಕುದಲ್ಲ. ತಪ್ಪು ರಂಧ್ರದಲ್ಲಿ ತಂತಿ ಇಟ್ಟು ಎರಡು ಫೇಸುಗಳಿಗೆ ಹಚ್ಚಿದರೆ ಮೀಟರು ಕೈಯಲ್ಲಿಯೇ ಸಿಡಿಯಬಹುದು. ಮೀಟರು ಹೊಲಕ್ಕೂ ಹೋಗುವುದಾದರೆ ಕ್ಯಾಟ್-3, 600 ವೋಲ್ಟ್ ದರ್ಜೆಗಿಂತ ಕಡಿಮೆಯದನ್ನು ಕೊಳ್ಳಬಾರದು. ಅದಾಗದಿದ್ದರೆ ಅಗ್ಗದ ಮೀಟರನ್ನು ಕಾರಿನ ಡಿಕ್ಕಿಯಲ್ಲಿಯೇ ಬಿಡುವುದು ಕ್ಷೇಮ.

ಕ್ಯಾಟ್ ಮುದ್ರೆ ಇದ್ದ ಮಾತ್ರಕ್ಕೆ ದರ್ಜೆ ನಿಜವೆಂದು ಹೇಳಲಾಗದು. ಹಿಂಬದಿಯ ಮುಚ್ಚಳ ತೆಗೆದಾಗ 600 ವೋಲ್ಟಿನ ಮೀಟರಿನಲ್ಲಿ 250 ವೋಲ್ಟಿನ ಸಣ್ಣ ಗಾಜಿನ ಫ್ಯೂಸು ಕಂಡರೆ ಮುದ್ರೆಯನ್ನು ಸಂದೇಹಿಸಬೇಕು. ಉತ್ತಮ ಮೀಟರುಗಳಲ್ಲಿ ಮರಳು ತುಂಬಿದ ಸಿರಾಮಿಕ್ ಫ್ಯೂಸು ಇರುತ್ತದೆ. ತಂತಿ ಮತ್ತು ಮೊನೆಗಳ ಮೇಲೆಯೂ ದರ್ಜೆ ಮುದ್ರಿತವಾಗಿರಬೇಕು.

ವಿದ್ಯುತ್ ಚಾಲಿತ ಕಾರುಗಳ ಕಿತ್ತಳೆ ಬಣ್ಣದ ತಂತಿಗಳಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ನೇರ ವಿದ್ಯುತ್ ಇರಬಹುದಾದ್ದರಿಂದ ತರಬೇತಿ ಇಲ್ಲದವರು ಅವನ್ನು ಮುಟ್ಟುವಂತಿಲ್ಲ. ಏರ್‌ಬ್ಯಾಗಿನ ಮಾರ್ಗಕ್ಕೂ, ಸಾಮಾನ್ಯವಾಗಿ ಹಳದಿ ಕನೆಕ್ಟರುಗಳಿರುವ ಕಡೆ, ಓಮ್ ವ್ಯಾಪ್ತಿಯ ಮೀಟರನ್ನು ಹಚ್ಚಬಾರದು. ಮೀಟರಿನಿಂದ ಹರಿಯುವ ಸಣ್ಣ ಪ್ರವಾಹದಿಂದಲೇ ಚೀಲ ಸಿಡಿಯುವ ಅಪಾಯವಿದೆ.

ಬೆಲೆ ಮತ್ತು ಖರೀದಿ

830 ಮಾದರಿಯ ಮೀಟರು ಸುಮಾರು 150 ರಿಂದ 300 ರೂಪಾಯಿಗೆ ದೊರೆಯುತ್ತದೆ. ಸ್ವಂತ ಕಾರಿನ ಬ್ಯಾಟರಿ, ಫ್ಯೂಸು, ದೀಪಗಳಿಗೆ ಇದು ಸಾಲುತ್ತದೆ. ತಾನೇ ವ್ಯಾಪ್ತಿಯನ್ನು ಆರಿಸಿಕೊಳ್ಳುವ, 4000 ಅಥವಾ 6000 ಕೌಂಟಿನ, ಎರಡೂ ಆಂಪಿಯರ್ ಮಾರ್ಗಗಳಿಗೆ ಫ್ಯೂಸಿರುವ ಕ್ಯಾಟ್-3 ಮೀಟರುಗಳು ಸುಮಾರು ಒಂದರಿಂದ ಎರಡೂವರೆ ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಗ್ಯಾರೇಜ್ ಆರಂಭಿಸುವ ಐಟಿಐ ವಿದ್ಯಾರ್ಥಿಗಳಿಗೆ ಈ ವರ್ಗ ತಕ್ಕುದು. ನಾಸಿಕ್‌ನ ಮೋಟ್ವಾನೆ ಮತ್ತು ರಿಷಭ್, ನವಿ ಮುಂಬಯಿಯ ಮೆಕೋ ಮೊದಲಾದ ಭಾರತೀಯ ತಯಾರಕರೂ, ಚೀನಾದ ಯೂನಿ-ಟಿ, ಅಮೆರಿಕದ ಫ್ಲೂಕ್ ಮೊದಲಾದ ವಿದೇಶಿ ತಯಾರಕರೂ ಮಾರುಕಟ್ಟೆಯಲ್ಲಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆ ಇಂತಹ ಉಪಕರಣಗಳ ಹೆಸರಾಂತ ಮಾರುಕಟ್ಟೆ. ರಾಂಪುರದವರಿಗೆ ಬಳ್ಳಾರಿ, ಚಳ್ಳಕೆರೆಗಳು ಹತ್ತಿರ.

ಅಂಗಡಿಯಲ್ಲಿ ಕೊಳ್ಳುವುದರ ಅನುಕೂಲವೆಂದರೆ ಅಲ್ಲಿಯೇ ಪರೀಕ್ಷಿಸಬಹುದು. ಓಮ್ ವ್ಯಾಪ್ತಿಯಲ್ಲಿ ಎರಡೂ ಮೊನೆಗಳನ್ನು ಕೂಡಿಸಿದಾಗ ಅರ್ಧ ಓಮಿಗಿಂತ ಕಡಿಮೆ ತೋರಿಸಬೇಕು, ಬಝರ್ ತಡವಿಲ್ಲದೆ ಕೂಗಬೇಕು. ತಂತಿಯನ್ನು ಬುಡದಲ್ಲಿ ಅಲುಗಾಡಿಸಿದಾಗ ಅಂಕೆ ಜಿಗಿಯುತ್ತಿದ್ದರೆ ತಂತಿ ಕಳಪೆ. ಹೊಸ 1.5 ವೋಲ್ಟಿನ ಸೆಲ್ಲು 1.5 ರಿಂದ 1.6ರ ನಡುವೆ ತೋರಿಸಬೇಕು. ಅದೇ ಸೆಲ್ಲನ್ನು ಅಂಗಡಿಯ ಇನ್ನೊಂದು ಮೀಟರಿನಿಂದಲೂ ಅಳೆದು ಹೋಲಿಸುವುದು ಒಳ್ಳೆಯದು. ಗುಂಡಿಯನ್ನು ತಿರುಗಿಸುವಾಗ ಪ್ರತಿ ಸ್ಥಾನದಲ್ಲಿಯೂ ಸ್ಪಷ್ಟವಾಗಿ ಕೂರಬೇಕು. ಬದಲಿ ಫ್ಯೂಸು ಸಿಗುತ್ತದೆಯೇ ಎಂದು ಕೇಳಬೇಕು, ಏಕೆಂದರೆ ಸಿರಾಮಿಕ್ ಫ್ಯೂಸು ಸಣ್ಣ ಊರುಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಸುಟ್ಟಾಗ ತಾಮ್ರದ ಎಳೆ ಸುತ್ತಿ ನಡೆಸುವ ರೂಢಿ ಕಾರಿನಲ್ಲಿಯೇ ಕೆಟ್ಟದ್ದು, ಮೀಟರಿನಲ್ಲಿ ಇನ್ನೂ ಕೆಟ್ಟದ್ದು.

ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮೀಟರನ್ನು ಬಿಟ್ಟರೆ ಪರದೆ ಕಪ್ಪಾಗುತ್ತದೆ. ಬಹುಕಾಲ ಬಳಸದಿದ್ದಾಗ ಒಳಗಿನ ಬ್ಯಾಟರಿಯನ್ನು ತೆಗೆದಿಡಬೇಕು. ಅದು ಸೋರಿದರೆ ಸಂಪರ್ಕ ಪಟ್ಟಿಗಳು ತುಕ್ಕು ಹಿಡಿಯುತ್ತವೆ.